ಹರಿಶ್ಚಂದ್ರನ ಕೈಗೆ ಪಿಸ್ತೂಲು

ಸತ್ಯಕ್ಕಾಗಿ ಮಡದಿ ಮಗನನ್ನು ಮಾರಿ ಸುಡುಗಾಡು ಕಾಯ್ದವನು ಪಿಸ್ತೂಲು ಹಿಡಿಯಬಹುದೆ? ೧೯೬೮ರಲ್ಲಿ ‘ಜೇಡರ ಬಲೆ’ ತೆರೆ ಕಂಡಾಗ ಕನ್ನಡದ ಚಿತ್ರರಸಿಕರ ಮುಂದೆ ಬಂದು ನಿಂತ ಪ್ರಶ್ನೆ ಇದು. ‘ಸತ್ಯ ಹರಿಶ್ಚಂದ್ರ’ ಬಂದು ಆಗ ಮೂರು ವರ್ಷ. ‘ಮಂತ್ರಾಲಯ ಮಹಾತ್ಮೆ’ ಬಂದು ಎರಡೇ ವರ್ಷ. ಕಾಷಾಯ ತೊಟ್ಟು ಗುರುರಾಯರಾಗಿದ್ದ ರಾಜಕುಮಾರ್ ಅವರನ್ನು ಕಂಡು ಕೈಮುಗಿದ ಮಂದಿಯೇ ಈಗ ಸೂಟು ಬೂಟು ತೊಟ್ಟ ಪ್ರಕಾಶನನ್ನು, ಸರ್ಕಾರದ ಗುಪ್ತ ಪೋಲೀಸಿನಲ್ಲಿ ಸಿ.ಐ.ಡಿ. ೯೯೯ ಎಂಬ ಅಂಕಿಯಿಂದ ಹೆಸರಾದವನನ್ನು ನೋಡಬೇಕಾಯಿತು. ಒಪ್ಪುವುದೋ, ಬಿಡುವುದೋ?

ಈ ಪ್ರಶ್ನೆ ಬೆಂಗಳೂರಿನಲ್ಲಿ ಒಂದು ಬಗೆಯದಾದರೆ ಚಾಮರಾಜನಗರ, ಗುಂಡ್ಲುಪೇಟೆಗಳಲ್ಲಿ ಬೇರೊಂದು ಬಗೆಯದು. ರಾಜಧಾನಿಯವರಿಗೆ ರಾಜಕುಮಾರ್ ಒಬ್ಬ ನಟ. ಗಡಿಯಂಚಿನ ಈ ಎರಡು ಊರುಗಳಿಗೆ ಆತ ನೆಂಟ. ಆತ ೧೯೨೯ರ ಏಪ್ರಿಲ್ ೨೪ರಂದು ಹುಟ್ಟಿದ ಗಾಜನೂರು ಚಾಮರಾಜನಗರಕ್ಕೆ ಸಮೀಪದಲ್ಲಿಯೇ ಇದೆ. ಮನೆತನಕ್ಕೆ ಹೆಸರು ಕೊಟ್ಟ ಸಿಂಗಾನಲ್ಲೂರು ಕೊಳ್ಳೇಗಾಲದ ಕಡೆಯದು. ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಬಂತು. ಗಾಜನೂರನ್ನು ಒಳಗೊಂಡ ತಾಳವಾಡಿಯ ಸೀಮೆ ಮಾತ್ರ ಆಚೆಯೇ ಉಳಿಯಿತು. ಹೀಗೆ ತಂದೆಯ ಹೆಸರಿನ ಊರು ಈ ಕಡೆಗೂ ಹುಟ್ಟೂರು ಆ ಕಡೆಗೂ ಹಂಚಿಹೋದ ಮೇಲೆ, ನಡುವೆ ಇರುವವರಿಗೆ ಮುತ್ತುರಾಜನ ಮೇಲೆ ಹಕ್ಕು ಹೆಚ್ಚಾಗದೆ ಇರುತ್ತದೆಯೆ? ಹೇಳಿ ಕೇಳಿ ಆತನ ತಂದೆ ಪುಟ್ಟಸ್ವಾಮಯ್ಯನವರು ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬಣ್ಣ ಹಚ್ಚಿ ದುಡಿದವರು. ನಮ್ಮ ಕಡೆಯ ಹುಡುಗ ಎಂದ ಮೇಲೆ ಮೆಚ್ಚುವ ಅಧಿಕಾರದ ಜೊತೆಗೆ ಗದರಿಸುವ ಅಧಿಕಾರವೂ ಬರುತ್ತದೆ. ತೆರೆಯ ಮೇಲೆ ಅವನು ಏನು ಉಡುತ್ತಾನೆ, ಯಾರ ಜೊತೆ ಕುಣಿಯುತ್ತಾನೆ, ಕೈಯಲ್ಲಿ ಏನು ಹಿಡಿಯುತ್ತಾನೆ ಎಂಬುದೆಲ್ಲ ಮನೆಯ ಮರ್ಯಾದೆಯ ವಿಷಯವಾಗಿಬಿಡುತ್ತದೆ.

ಚಿತ್ರವನ್ನು ತೂಗುವ ತಕ್ಕಡಿ ಎಲ್ಲರಿಗೂ ಒಂದೇ ಅಲ್ಲ. ಬೇಹುಗಾರಿಕೆಯ ಕಥೆಯೆಂದರೆ ಮೂಗೆಳೆಯುವ ವಿದ್ಯಾವಂತರು ಆಗಲೂ ಇದ್ದರು, ಈಗಲೂ ಇದ್ದಾರೆ. ಆದರೆ ಸಣ್ಣ ಊರಿನ ಓದುಗನಿಗೆ ಪತ್ತೇದಾರಿ ಹೊಸತೇನಲ್ಲ. ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮ’ ೧೯೫೦ರ ದಶಕದಲ್ಲಿಯೇ ಪುಸ್ತಕದಂಗಡಿಯಿಂದ ಹೊರಟು ಮನೆಮನೆಗೆ ನುಗ್ಗಿದ್ದ. ಶಾಲೆಯ ಪಠ್ಯದ ನಡುವೆ ಬಚ್ಚಿಟ್ಟು ಓದುವ ಹುಡುಗರಿಗೂ, ಅಡುಗೆ ಮುಗಿಸಿ ಮಧ್ಯಾಹ್ನ ಅದೇ ಪುಸ್ತಕವನ್ನು ತಾವೂ ಓದುವ ತಾಯಂದಿರಿಗೂ ಸುಳಿವು, ಅನುಮಾನ, ಮಾರುವೇಷಗಳ ಪಾಠ ಆಗಲೇ ಆಗಿತ್ತು.

ಮೇಲಾಗಿ ‘ಜೇಡರ ಬಲೆ’ಯ ಕಥೆಯ ತಿರುಳು ಯಾವುದು? ಲೋಹವನ್ನು ಚಿನ್ನವನ್ನಾಗಿಸುವ ಒಂದು ಸೂತ್ರ. ಇಂದು ಇದು ಮಕ್ಕಳ ಕಥೆಯೆಂದು ತೋರಬಹುದು. ೧೯೬೮ರ ಮಧ್ಯಮ ವರ್ಗದ ಗೃಹಿಣಿಗೆ ಹಾಗೆ ತೋರಿರಲಾರದು. ಮೊರಾರ್ಜಿ ದೇಸಾಯಿಯವರು ಅರ್ಥಮಂತ್ರಿಗಳಾಗಿದ್ದಾಗ, ೧೯೬೩ರ ಜನವರಿಯಲ್ಲಿ ಹೊರಟ ಚಿನ್ನ ನಿಯಂತ್ರಣದ ನಿಯಮಗಳು ಹೊಸ ಒಡವೆಯ ಚಿನ್ನ ೧೪ ಕ್ಯಾರೆಟ್ಟನ್ನು ಮೀರಕೂಡದೆಂದು ಕಟ್ಟುಹಾಕಿದ್ದವು. ಮದುವೆಗೆ ಬಂದ ಮಗಳಿರುವ ಮನೆಗಳಲ್ಲಿ ಆಗ ಎದ್ದ ಗೋಳು, ಕೆಲಸ ಕಳೆದುಕೊಂಡ ಅಕ್ಕಸಾಲಿಗರ ಬವಣೆ ಸಣ್ಣದಲ್ಲ. ೧೯೬೬ರಲ್ಲಿ ಆ ಕ್ಯಾರೆಟ್ಟಿನ ಕಟ್ಟು ಸಡಿಲಿತಾದರೂ, ಚಿತ್ರ ಬಂದ ೧೯೬೮ರಲ್ಲಿಯೇ ನಿಯಂತ್ರಣ ಮತ್ತೆ ಪೂರ್ಣಪ್ರಮಾಣದ ಶಾಸನವಾಗಿ ಬಂದು ೧೯೯೦ರವರೆಗೆ ಉಳಿಯಿತು. ಚಿನ್ನವೆಂಬುದು ಕಳ್ಳಸಾಗಣೆಯ ಸರಕಾಗಿದ್ದ ಕಾಲವದು. ಆ ಸೂತ್ರ ದುಷ್ಟರ ಕೈ ಸೇರಬಾರದೆಂದು ಪ್ರಕಾಶ ಹೋರಾಡುವಾಗ, ಮಗಳ ಮದುವೆಗೆ ಎರಡೆಳೆ ಸರ ಕೂಡಿಸಲು ಪರದಾಡಿದ್ದ ತಾಯಿಗೆ ಕಥೆ ಅರ್ಥವಾಗದೆ ಹೋಗುವ ಪ್ರಶ್ನೆಯೇ ಇಲ್ಲ. ಅಂಥ ಸೂತ್ರವೊಂದು ತನ್ನ ಮನೆಯ ತಾಮ್ರದ ಹಂಡೆಗೆ ತಗುಲಿದ್ದರೆ ಎಂದು ಆಕೆ ಕತ್ತಲಲ್ಲಿ ಒಂದು ಕ್ಷಣ ಯೋಚಿಸಿದ್ದರೆ ಅದೂ ತಪ್ಪಲ್ಲ!

ಅದೇ ವರ್ಷ ಬಂದ ‘ಗೋವಾದಲ್ಲಿ ಸಿ.ಐ.ಡಿ. ೯೯೯’ ಚಿತ್ರದ ನೆಲವೂ ಹಾಗೆಯೇ. ೧೯೬೧ರ ಡಿಸೆಂಬರಿನವರೆಗೆ ಪೋರ್ಚುಗೀಸರ ಅಧೀನದಲ್ಲಿದ್ದ ಗೋವಾ, ವಿದೇಶದಂತೆ ಕಾಣುವ, ಆದರೆ ವಿದೇಶವಲ್ಲದ ತಾಣ. ವಿಮಾನ ಹತ್ತುವ ಖರ್ಚಿಲ್ಲದೆ ಪರದೇಶ ತೋರಿಸಿದಂತಾಯಿತು. ಮಿತವ್ಯಯದಲ್ಲಿ ಕನ್ನಡದ ನಿರ್ಮಾಪಕರನ್ನು ಮೀರಿಸುವವರಿಲ್ಲ.

ಇಂಗ್ಲಿಷಿನ ಜೇಮ್ಸ್ ಬಾಂಡ್ ೧೯೬೨ರಲ್ಲಿ ‘ಡಾಕ್ಟರ್ ನೋ’ ಚಿತ್ರದಿಂದ ತೆರೆಗೆ ಕಾಲಿಟ್ಟ. ನೆರೆಹೊರೆಯವರು ಸುಮ್ಮನಿರಲಿಲ್ಲ. ೧೯೬೬ರಲ್ಲಿ ತೆಲುಗಿನಲ್ಲಿ ಕೃಷ್ಣ ‘ಗೂಢಚಾರಿ ೧೧೬’ ಆದರು, ತಮಿಳಿನಲ್ಲಿ ಜೈಶಂಕರ್ ‘ವಲ್ಲವನ್ ಒರುವನ್’ ಆದರು. ಮರುವರ್ಷ ಹಿಂದಿಯಲ್ಲಿ ಜಿತೇಂದ್ರರ ‘ಫರ್ಜ್’ ಬಂತು. ಬೇರೆ ಕಾಲವಾಗಿದ್ದರೆ ಇವುಗಳಲ್ಲಿ ಒಂದೆರಡು ಕನ್ನಡದ ಮಾತು ಅಂಟಿಸಿಕೊಂಡು ಬಂದುಬಿಡುತ್ತಿದ್ದವೇನೋ. ಆದರೆ ೧೯೬೦ರ ದಶಕದಲ್ಲಿ ಅ.ನ.ಕೃ. ಅವರಂಥ ಹಿರಿಯರು ಡಬ್ಬಿಂಗಿನ ವಿರುದ್ಧ ಎದ್ದು ನಿಂತಿದ್ದರು. ರಾಜಕುಮಾರ್ ಅವರೂ ಆ ಪಕ್ಷದವರೇ. ಬಾಗಿಲು ಮುಚ್ಚಿದವರಿಗೆ ಒಳಗಿನವರ ಹಸಿವೆಗೆ ಅಡುಗೆ ಮಾಡುವ ಹೊಣೆಯೂ ಬರುತ್ತದೆ. ದೊರೈರಾಜ್ ಮತ್ತು ಎಸ್.ಕೆ. ಭಗವಾನ್ ಆ ಹೊಣೆ ಹೊತ್ತು ಕನ್ನಡದ್ದೇ ಆದ ಒಬ್ಬ ಗೂಢಚಾರನನ್ನು ನಿರ್ಮಿಸಿದರು. ಎರಡನೆಯ ಚಿತ್ರ ಅದೇ ವರ್ಷ, ಮೂರನೆಯ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. ೯೯೯’ ೧೯೬೯ರಲ್ಲಿ ಬಂದವೆಂದರೆ ಪ್ರೇಕ್ಷಕನ ತೀರ್ಪು ಯಾವ ಕಡೆಗಿತ್ತೆಂದು ಬೇರೆ ಹೇಳಬೇಕಾಗಿಲ್ಲ. ಟಿಕೆಟ್ಟು ಕೊಂಡವನ ಅಭಿಪ್ರಾಯಕ್ಕೆ ವಿಮರ್ಶಕನ ಸಹಿ ಬೇಕಿಲ್ಲ.

ಗುಂಡ್ಲುಪೇಟೆಯ ಪ್ರೇಕ್ಷಕನಿಗೆ ಇದರಲ್ಲಿ ಇನ್ನೊಂದು ಸಮಾಧಾನ. ಅವನ ಊರಿನಿಂದ ಒಂದು ರಸ್ತೆ ಊಟಿಯ ಕಡೆಗೆ, ಇನ್ನೊಂದು ಸುಲ್ತಾನ್ ಬತ್ತೇರಿಯ ಕಡೆಗೆ ಕವಲೊಡೆಯುತ್ತದೆ. ಒಂದು ತಮಿಳಿಗೆ, ಒಂದು ಮಲೆಯಾಳಕ್ಕೆ. ಎರಡು ಭಾಷೆಗಳ ವೀರರು ಅತ್ತಿತ್ತ ಮೆರೆಯುತ್ತಿರುವಾಗ ತನ್ನ ಮಾತನಾಡುವ ವೀರನೊಬ್ಬ ಬೇಡವೆ? ಗಡಿಯಲ್ಲಿ ಇರುವವನಿಗೆ ಇದು ಬರಿಯ ಮನರಂಜನೆಯಲ್ಲ.

ಇನ್ನು ನಗೆಯ ಮಾತು. ಸಿ.ಐ.ಡಿ. ೯೯೯ ಚಿತ್ರಗಳು ಹೊಡೆದಾಟದಷ್ಟೇ ನಗೆಯನ್ನೂ ನಂಬಿ ನಿಂತವು, ನಗೆಯೆಂದರೆ ನರಸಿಂಹರಾಜು. ಉಬ್ಬುಹಲ್ಲು, ಕಡ್ಡಿಯಂಥ ಮೈ. ಆತ ತೆರೆಗೆ ಬಂದು ಬಾಯಿ ತೆರೆಯುವ ಮೊದಲೇ ನೆಲದ ಮೇಲೆ ಕುಳಿತವರು ನಗಲು ಆರಂಭಿಸಿರುತ್ತಿದ್ದರು. ೧೯೫೪ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರ್ ಅವರೊಂದಿಗೇ ಚಿತ್ರರಂಗಕ್ಕೆ ಬಂದ ಈ ನಟ ತಿಪಟೂರಿನವರು, ನಾಟಕದ ಗರಡಿಯಲ್ಲಿಯೇ ಪಳಗಿದವರು. ಚಿತ್ರದಲ್ಲಿ ಕೆಲಸದ ಹಂಚಿಕೆ ಸ್ಪಷ್ಟ: ಪೆಟ್ಟು ಕೊಡುವುದು ನಾಯಕನ ಪಾಲು, ಪೆಟ್ಟಿಗೆ ಹೆದರುವುದು ನರಸಿಂಹರಾಜುವಿನ ಪಾಲು. ಪ್ರೇಕ್ಷಕನು ನಾಯಕನಾಗಲು ಹಂಬಲಿಸುತ್ತಾನೆ, ಆದರೆ ಪಿಸ್ತೂಲು ಎದುರಾದರೆ ತಾನು ನರಸಿಂಹರಾಜುವಿನಂತೆಯೇ ಮೇಜಿನ ಕೆಳಗೆ ನುಸುಳುವವನೆಂದು ಅವನಿಗೆ ಗೊತ್ತು. ಈ ಗುಟ್ಟನ್ನು ತೆರೆಯ ಮೇಲೆ ಯಾರಾದರೂ ಬಯಲು ಮಾಡಿದರೆ ಅವನಿಗೆ ಹಿತವೇ ಹೊರತು ಅವಮಾನವಲ್ಲ.

ಈ ಹಂಚಿಕೆಯನ್ನು ಮುರಿದು ಎರಡನ್ನೂ ಒಂದೇ ಮೈಯಲ್ಲಿ ಕೂಡಿಸಿದವನು ಹಾಂಗ್‌ಕಾಂಗಿನ ಜಾಕಿ ಚಾನ್. ‘ಬೇಡರ ಕಣ್ಣಪ್ಪ’ ಬಂದ ೧೯೫೪ರಲ್ಲಿಯೇ ಹುಟ್ಟಿದ ಈತನೂ ಮೂಲದಲ್ಲಿ ರಂಗಭೂಮಿಯ ಕೂಸು. ಬಾಲ್ಯದಲ್ಲಿಯೇ ಚೀನೀ ಸಂಗೀತನಾಟಕದ ಶಾಲೆಗೆ ಸೇರಿ ಹತ್ತು ವರ್ಷ ಲಾಗ, ಕುಣಿತ, ಹಾಡು, ಕಾಳಗ ಕಲಿತವನು. ಬ್ರೂಸ್ ಲೀ ಸಿಟ್ಟಿನ ಮುಖದಿಂದ ಗೆದ್ದರೆ, ಜಾಕಿ ೧೯೭೮ರ ‘ಡ್ರಂಕನ್ ಮಾಸ್ಟರ್’ ಚಿತ್ರದಲ್ಲಿ ಪೆಟ್ಟು ತಿಂದು ನೋವಿನಿಂದ ಕೈ ಒದರಿಕೊಳ್ಳುತ್ತ ಗೆದ್ದ. ತನ್ನ ಚಿತ್ರಗಳ ಕೊನೆಯಲ್ಲಿ ತಾನು ಜಾರಿ ಬಿದ್ದ, ತಪ್ಪಿ ಹೊಡೆಸಿಕೊಂಡ ತುಣುಕುಗಳನ್ನೇ ತೋರಿಸುವ ಧೈರ್ಯ ಅವನದು. ೨೦೧೦ರ ‘ದಿ ಸ್ಪೈ ನೆಕ್ಸ್ಟ್ ಡೋರ್’ ಚಿತ್ರದಲ್ಲಂತೂ ಗೂಢಚಾರನನ್ನು ತಂದು ಗೃಹಕೃತ್ಯಕ್ಕೇ ಕಟ್ಟಿದರು: ಪಕ್ಕದ ಮನೆಯ ಹೆಂಗಸನ್ನು ಮದುವೆಯಾಗಬಯಸಿದವನು ಮೊದಲು ಅವಳ ಮೂವರು ಮಕ್ಕಳನ್ನು ಒಲಿಸಿಕೊಳ್ಳಬೇಕು. ದೇಶದ ಶತ್ರುಗಳಿಗಿಂತ ಮನೆಯ ಮಕ್ಕಳು ಕಠಿಣ! ವಿಮರ್ಶಕರು ಈ ಚಿತ್ರವನ್ನು ಹೊಗಳಲಿಲ್ಲ. ಮಕ್ಕಳಿಗಾಗಿ ಮಾಡಿದ್ದನ್ನು ದೊಡ್ಡವರು ಅಳೆದರೆ ಬರುವ ಫಲ ಅದೇ. ಆದರೆ ಐವತ್ತೈದರ ಪ್ರಾಯದಲ್ಲಿಯೂ ಕುರ್ಚಿ, ಏಣಿ, ಬಾಣಲೆಗಳನ್ನೇ ಆಯುಧ ಮಾಡಿಕೊಂಡು ನಗಿಸುವ ಮೈಗೆ ಒಂದು ನಮಸ್ಕಾರ ಸಲ್ಲಲೇಬೇಕು.

ಕನ್ನಡ ಚಿತ್ರದ ಮುಷ್ಟಿಕಾಳಗಕ್ಕೆ ಅಂಥ ಶಾಲೆಯಿರಲಿಲ್ಲವೆ? ಇತ್ತು, ಅದು ಗರಡಿ. ದಸರೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ಕಂಡ ಸೀಮೆಯಿದು. ‘ಸತ್ಯ ಹರಿಶ್ಚಂದ್ರ’ದ ವೀರಬಾಹುವಾಗಿ ಮೆರೆದ ಎಂ.ಪಿ. ಶಂಕರ್ ಮೈಸೂರಿನ ಅಖಾಡದ ಪೈಲ್ವಾನರೇ. ಮಟ್ಟಿಯ ಮಣ್ಣು ಬಲ್ಲ ಪ್ರೇಕ್ಷಕ ಬೀಸಿದ ಕೈ ತಗುಲಿತೋ ಇಲ್ಲವೋ ಎಂದು ಕೂತಲ್ಲಿಯೇ ಹೇಳಬಲ್ಲ. ಸಿ.ಐ.ಡಿ. ೯೯೯ರ ಹೊಡೆದಾಟಗಳಲ್ಲಿ ತಗುಲದ ಪೆಟ್ಟುಗಳು ಹಲವುಂಟು. ಶಬ್ದ ಮೊದಲು, ಮುಷ್ಟಿ ಆಮೇಲೆ. ಆದರೂ ಶಿಳ್ಳೆ ಬಿತ್ತು. ನೆಂಟನ ಮನೆಯ ಊಟದಲ್ಲಿ ಉಪ್ಪು ಕಡಿಮೆಯಾದರೆ ಎದ್ದುಹೋಗುವವರುಂಟೆ?

ಆದರೆ ಉಪ್ಪಿನ ವಿಷಯದಲ್ಲಿ ಸಡಿಲ ಬಿಟ್ಟವರು ಒಂದು ಷರತ್ತನ್ನು ಬಿಗಿಯಾಗಿಯೇ ಹಿಡಿದಿದ್ದರು. ಆಂಗ್ಲ ಬಾಂಡನ ಕೈಯಲ್ಲಿ ಮದ್ಯದ ಬಟ್ಟಲು, ಮಗ್ಗುಲಲ್ಲಿ ಗಳಿಗೆಗೊಬ್ಬ ಹೆಣ್ಣು. ಅವನ ವೀರತನದ ಅರ್ಧ ಭಾಗ ಅದೇ. ನಮ್ಮ ಪ್ರಕಾಶ ಅವನಿಂದ ಪಿಸ್ತೂಲನ್ನು ಸಾಲ ತಂದ, ಕೋಟನ್ನು ತಂದ, ಅಂಕಿಯ ಹೆಸರನ್ನೂ ತಂದ. ಉಳಿದುದನ್ನು ಗಡಿಯಾಚೆಯೇ ಬಿಟ್ಟು ಬಂದ. ಕುಡಿತ, ಧೂಮಪಾನಗಳನ್ನು ನಾಯಕನ ಹೆಮ್ಮೆಯಾಗಿ ಮೆರೆಸಲು ರಾಜಕುಮಾರ್ ಒಲ್ಲರೆಂಬ ಮಾತು ನಾಡಿಗೆಲ್ಲ ಗೊತ್ತು. ತೆರೆಯ ಮೇಲೆ ಕ್ಲಬ್ಬಿನ ಕುಣಿತವಿದ್ದರೂ ಜಯಂತಿ, ಲಕ್ಷ್ಮಿ, ರೇಖಾ ಎಂದು ನಾಯಕಿಯರು ಚಿತ್ರಕ್ಕೊಬ್ಬರಾದರೂ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದ ಗೃಹಸ್ಥ ತಲೆ ತಗ್ಗಿಸಬೇಕಾಗಲಿಲ್ಲ. ಇದು ಕಲೆಗೆ ಹಾಕಿದ ಕಡಿವಾಣವಲ್ಲವೆ ಎಂದು ಕೇಳುವವರಿದ್ದಾರೆ. ಹೌದು, ಕಡಿವಾಣವೇ. ಒಬ್ಬ ನಟನ ಪ್ರತಿಭೆ ಹೋಗಬಹುದಾಗಿದ್ದ ಕೆಲವು ದಾರಿಗಳನ್ನು ಈ ಅಕ್ಕರೆ ಮುಚ್ಚಿಹಾಕಿತೆಂಬುದೂ ನಿಜ. ಆದರೆ ಚಾಮರಾಜನಗರದ ತಾಯಿಯೊಬ್ಬಳು ಮಕ್ಕಳ ಕೈಗೆ ಟಿಕೆಟ್ಟಿನ ಹಣ ಕೊಟ್ಟು, ಯಾವ ಚಿತ್ರವೆಂದು ವಿಚಾರಿಸದೆ ಯಾರ ಚಿತ್ರವೆಂದಷ್ಟೇ ವಿಚಾರಿಸಿ ಕಳುಹಿಸುತ್ತಿದ್ದ ಆ ನಂಬಿಕೆಗೆ ಬೆಲೆ ಕಟ್ಟುವುದೂ ಸುಲಭವಲ್ಲ. ಹರಿಶ್ಚಂದ್ರನ ಕೈಗೆ ಪಿಸ್ತೂಲು ಬಂದದ್ದನ್ನು ಅವಳು ಒಪ್ಪಿದ್ದು, ಪಿಸ್ತೂಲು ಹಿಡಿದವನು ಹರಿಶ್ಚಂದ್ರನೇ ಆಗಿ ಉಳಿದನೆಂಬ ಕಾರಣಕ್ಕೆ.

ಹಳ್ಳಿಗಾಡಿನ ಪ್ರೇಕ್ಷಕನಿಗೆ ತೆರೆಗೂ ಬದುಕಿಗೂ ವ್ಯತ್ಯಾಸ ತಿಳಿಯದೆಂಬ ದೂರು ಹಳೆಯದು. ೨೦೦೦ದ ಜುಲೈ ೩೦ರ ರಾತ್ರಿ ವೀರಪ್ಪನ್ ಗಾಜನೂರಿನ ಮನೆಯಿಂದ ರಾಜಕುಮಾರ್ ಅವರನ್ನು ಅಪಹರಿಸಿ, ಈ ಎರಡು ಊರುಗಳಿಗೆ ತಾಗಿಕೊಂಡ ಕಾಡಿನೊಳಗೆ ೧೦೮ ದಿನ ಇಟ್ಟುಕೊಂಡಿದ್ದ. ತೆರೆಯ ಮೇಲೆ ಎಷ್ಟೋ ದುಷ್ಟಕೂಟಗಳನ್ನು ಒಂಟಿಯಾಗಿ ಬಡಿದವರು ಆಗ ಎಪ್ಪತ್ತೊಂದರ ವೃದ್ಧರು. ಅವರು ಬಂದೂಕು ಕಸಿದುಕೊಂಡು ಹೊರಬರುತ್ತಾರೆಂದು ಯಾರೂ ಕಾಯಲಿಲ್ಲ. ಅಂಗಡಿಗಳು ಮುಚ್ಚಿದವು, ಗುಡಿಗಳಲ್ಲಿ ಹರಕೆ ಹೊತ್ತರು, ನವೆಂಬರ್ ೧೫ರಂದು ಅವರು ಬಿಡುಗಡೆಯಾಗಿ ಬಂದಾಗ ಹಿರಿಯರು ಮನೆಗೆ ಮರಳಿದಂತೆ ಕಣ್ಣೊರಸಿಕೊಂಡರು.

೧೯೬೯ರ ಮೇಲೆ ಒಂಬತ್ತು ವರ್ಷ ಸಿ.ಐ.ಡಿ. ೯೯೯ರ ಸುಳಿವಿರಲಿಲ್ಲ. ೧೯೭೮ರಲ್ಲಿ ‘ಆಪರೇಷನ್ ಡೈಮಂಡ್ ರ‍್ಯಾಕೆಟ್’ ಬಂದಿತು; ಈ ಸಲ ವರ್ಣದಲ್ಲಿ, ನೇಪಾಳದ ಹಿನ್ನೆಲೆಯಲ್ಲಿ. ಅಷ್ಟರಲ್ಲಿ ರಾಜಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದ್ದರು. ಚಿಕ್ಕಂದಿನಲ್ಲಿಯೇ ಶಾಲೆ ಬಿಟ್ಟ, ೧೯೭೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಗೌರವ ಡಾಕ್ಟರೇಟ್ ಪಡೆದ ಈ ಗಾಯಕ ಇದರಲ್ಲಿ ಇಡಿಯ ಒಂದು ಹಾಡನ್ನು ಇಂಗ್ಲಿಷಿನಲ್ಲಿ ಹಾಡಿಬಿಟ್ಟರು. ಎಷ್ಟೋ ವರ್ಷಗಳ ಅನಂತರ ಅಂತರ್ಜಾಲದ ಕಾಲದ ಹುಡುಗರು ಅದನ್ನು ಹುಡುಕಿ ತೆಗೆದು, ಮೊದಲು ನಕ್ಕು, ಆಮೇಲೆ ಬಾಯಿಪಾಠ ಮಾಡಿಕೊಂಡರು. ಮದುವೆಯ ಮನೆಗಳಲ್ಲಿ ಇಂದಿಗೂ ಅದು ಕೇಳಿಬರುವುದುಂಟು. ಅಜ್ಜಿಯರಿಗೆ ಶಬ್ದ ತಿಳಿಯದು, ಮೊಮ್ಮಕ್ಕಳಿಗೆ ಚಿತ್ರದ ಕಥೆ ತಿಳಿಯದು. ದನಿ ಯಾರದೆಂದು ಇಬ್ಬರಿಗೂ ತಿಳಿದಿರುತ್ತದೆ.