ಸಿಡಿಎನ್ ಹಾಕಿದ್ದೀವಿ ಸಾರ್!

"ಸೈಟು ಯಾಕ್ರೀ ಇಷ್ಟು ಸ್ಲೋ?" ಅಂತ ಗಿರಾಕಿ ಕೇಳ್ತಾರೆ. "ಸಿಡಿಎನ್ ಹಾಕಿದ್ದೀವಿ ಸಾರ್" ಅಂತ ನಾವು ಹೇಳ್ತೀವಿ. ಅಲ್ಲಿಗೆ ಮಾತು ಮುಗೀತು. ಜ್ವರ ಅಂದವನಿಗೆ "ಗುಳಿಗೆ ಕೊಟ್ಟಿದ್ದೀವಲ್ಲ" ಅಂದ ಹಾಗೆ. ಯಾವ ಜ್ವರ ಅಂತ ಯಾರೂ ನೋಡಿರೋದಿಲ್ಲ. ಹದಿನಾಲ್ಕು ವರ್ಷದಿಂದ ಬೆಂಗಳೂರಲ್ಲಿ ವೆಬ್‌ಸೈಟು ಕಟ್ಟೋ ಕೆಲಸದಲ್ಲಿರೋ ನಾನೂ ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಈಗ ಹೇಳೋದಿಲ್ಲ. ಯಾಕೆ ಹೇಳೋದಿಲ್ಲ ಅನ್ನೋದಕ್ಕೇ ಈ ಬರಹ.

ಮೊದಲು ಸಿಡಿಎನ್‌ಗೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸಿಬಿಡೋಣ. ಕಂಟೆಂಟ್ ಡೆಲಿವರಿ ನೆಟ್‌ವರ್ಕ್ ಅನ್ನೋದು ಬಹಳ ಒಳ್ಳೆಯ ವಿಚಾರ. ಅದನ್ನು ವ್ಯಾಪಾರವಾಗಿ ನಿಲ್ಲಿಸಿದ ಅಕಮೈ ಕಂಪನಿ ಹುಟ್ಟಿದ್ದು 1998ರಲ್ಲಿ, ಅಮೆರಿಕದ ಎಂಐಟಿಯ ಗಣಿತದ ಮೇಷ್ಟ್ರು ಟಾಮ್ ಲೇಟನ್ ಮತ್ತು ಅವರ ಶಿಷ್ಯ ಡ್ಯಾನಿಯಲ್ ಲೆವಿನ್ ಅವರಿಂದ. ಅವರಿಗಿದ್ದ ತೊಂದರೆ ಸರಳ. ಬೆಳಕು ಗಾಜಿನ ಎಳೆಯಲ್ಲಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತೆ, ಅದಕ್ಕಿಂತ ಜೋರಾಗಿ ಓಡಿಸೋಕೆ ಯಾರಪ್ಪನಿಂದಲೂ ಆಗೋದಿಲ್ಲ. ಅಮೆರಿಕದ ವರ್ಜೀನಿಯಾದಲ್ಲಿ ಸರ್ವರ್ ಇಟ್ಟರೆ ಬೆಂಗಳೂರಿಂದ ಅಲ್ಲಿಗೆ 13 ಸಾವಿರ ಕಿಲೋಮೀಟರಿಗೂ ಹೆಚ್ಚು. ಹೋಗಿ ಬರೋಕೆ 130 ಮಿಲಿಸೆಕೆಂಡ್ ಬೇಕೇ ಬೇಕು. ಕೇಬಲ್ಲು ನೇರವಾಗೇನೂ ಬಿದ್ದಿರೋದಿಲ್ಲವಾದ್ದರಿಂದ ನಿಜದಲ್ಲಿ ಇನ್ನೂ ಹೆಚ್ಚು. ಒಂದು ಪುಟ ತೆರೆಯೋಕೆ ಇಂಥ ಸುತ್ತು ಹಲವಾರು: ಸಂಪರ್ಕಕ್ಕೆ ಒಂದು, ಭದ್ರತೆಯ ಕೈಕುಲುಕಿಗೆ ಒಂದೋ ಎರಡೋ, ಆಮೇಲೆ ಫೈಲು ಕೇಳೋಕೆ. ಅದಕ್ಕೇ ಫೈಲುಗಳ ನಕಲನ್ನು ಊರೂರಲ್ಲಿ ಇಟ್ಟುಬಿಡೋದು. ಮುಂಬೈಯವನಿಗೆ ಮುಂಬೈಯಿಂದ, ಚೆನ್ನೈಯವಳಿಗೆ ಚೆನ್ನೈಯಿಂದ.

ನಮ್ಮ ಹಾಲಿನ ಬೂತಿನ ಹಾಗೆ ಅಂದ್ಕೊಳ್ಳಿ. ಪ್ರತಿ ಮನೆಯವರೂ ಡೇರಿಗೇ ಹೋಗಿ ಹಾಲು ತರಬೇಕಾಗಿಲ್ಲ, ಬೀದಿ ಮೂಲೆಗೆ ಬೂತು ಬಂದಿದೆ. ಸಂತೋಷ. ಆದರೆ ಬೂತಿಗೆ ಬಂದವಳಿಗೆ ಬೇಕಾಗಿರೋದು ಅರ್ಧ ಲೀಟರು. ಅವಳ ತಲೆ ಮೇಲೆ ನೀವು ನಲವತ್ತು ಲೀಟರಿನ ಕ್ಯಾನು ಹೊರಿಸಿ, "ಬೂತು ಹತ್ತಿರವೇ ಇದೆಯಲ್ಲಮ್ಮ, ಇನ್ನೇನು ತೊಂದರೆ?" ಅಂತ ಕೇಳಿದರೆ?

ನಾವು ಕೇಳ್ತಿರೋದು ಸರಿಯಾಗಿ ಅದನ್ನೇ.

ಮೂರು ವರ್ಷದ ಹಿಂದೆ ಒಂದು ವಿದ್ಯಾಸಂಸ್ಥೆಗೆ ಪ್ರವೇಶ ಅರ್ಜಿಯ ಸೈಟು ಮಾಡಿಕೊಟ್ಟೆವು. ಸಿಡಿಎನ್ ಹಾಕಿದ್ದೆವು. ತಿಂಗಳಿಗೊಂದು ಬಿಲ್ಲು, ಗ್ರಾಫಿನ ತುಂಬಾ ಹಸಿರು. ನಮ್ಮ ಆಫೀಸಿನ ಫೈಬರ್ ಲೈನಿನಲ್ಲಿ ಪುಟ ಕಣ್ಣು ಮಿಟುಕಿಸೋದರೊಳಗೆ ತೆರೆದುಕೊಳ್ತಿತ್ತು. ಮೀಟಿಂಗಿನಲ್ಲಿ ಚಪ್ಪಾಳೆಯೂ ಆಯ್ತು.

ಅದೇ ಬೇಸಿಗೆಗೆ ಊರಿಗೆ ಹೋಗಿದ್ದೆ. ನಮ್ಮದು ತೀರ್ಥಹಳ್ಳಿ ಕಡೆ. ಮನೆಯೊಳಗೆ ಸಿಗ್ನಲ್ ಇಲ್ಲ, ಕೊಟ್ಟಿಗೆ ಹಿಂದಿನ ದಿಬ್ಬ ಹತ್ತಿದರೆ ಎರಡು ಕಡ್ಡಿ ಬರುತ್ತೆ. ಅಣ್ಣನ ಮಗಳು ಅದೇ ಸಂಸ್ಥೆಗೆ ಅರ್ಜಿ ಹಾಕೋಕೆ ಅಂತ ಅವರಮ್ಮನ ಫೋನ್ ಹಿಡಿದು ದಿಬ್ಬದ ಮೇಲೆ ಕೂತಿದ್ದಳು. ಆರೇಳು ಸಾವಿರ ರೂಪಾಯಿಯ ಹಳೇ ಫೋನು. ಮುಕ್ಕಾಲು ಗಂಟೆ ಆದರೂ ಇಳಿದು ಬರಲಿಲ್ಲ ಅಂತ ನಾನೇ ಹತ್ತಿ ಹೋದೆ. ಪರದೆ ಬೆಳ್ಳಗಿತ್ತು, ನಡುವೆ ಒಂದು ಚಕ್ರ ಸುತ್ತುತ್ತಿತ್ತು. ಎರಡು ಸಲ ಹೇಗೋ ಒಳಗೆ ಹೋಗಿದ್ದಳಂತೆ. ಅರ್ಧ ತುಂಬಿಸೋದರೊಳಗೆ "ನಿಮ್ಮ ಸಮಯ ಮುಗಿದಿದೆ" ಅಂತ ಬಂದು ಮೊದಲಿಂದ ಶುರು.

"ಚಿಕ್ಕಪ್ಪಾ, ಇದನ್ನ ನೀನೇ ಮಾಡಿದ್ದಂತಲ್ಲ? ಅಪ್ಪ ಹೇಳ್ತಿದ್ರು" ಅಂದಳು.

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ಹೆಮ್ಮೆಯೇ ಇತ್ತು. ನನಗೆ ಮುಖ ಎಲ್ಲಿಡಬೇಕೋ ಗೊತ್ತಾಗಲಿಲ್ಲ. ಮಾರನೇ ದಿನ ಅತ್ತಿಗೆ ತೋಟದ ಕೆಲಸ ಬಿಟ್ಟು ಅವಳನ್ನು ಬಸ್ಸಿನಲ್ಲಿ ಪೇಟೆಗೆ ಕರೆದುಕೊಂಡು ಹೋಗಿ, ಸೈಬರ್ ಸೆಂಟರಿನವನಿಗೆ ನೂರು ರೂಪಾಯಿ ಕೊಟ್ಟು ಅರ್ಜಿ ಹಾಕಿಸಿ ಬಂದರು. ಒಂದು ದಿನ, ಎರಡು ಬಸ್ ಚಾರ್ಜು, ನೂರು ರೂಪಾಯಿ. ನಮ್ಮ ಗ್ರಾಫಿನಲ್ಲಿ ಇದು ಎಲ್ಲೂ ಕಾಣೋದಿಲ್ಲ. ಅಲ್ಲಿ ಹಸಿರೇ ಹಸಿರು.

ಬೆಂಗಳೂರಿಗೆ ವಾಪಸು ಬಂದ ದಿನವೇ ಬ್ರೌಸರಿನ ಡೆವಲಪರ್ ಟೂಲ್ಸ್ ತೆರೆದು ಪುಟವನ್ನು ತೂಗಿದೆ. ಮೊದಲೇ ಮಾಡಬೇಕಾಗಿದ್ದ ಕೆಲಸ. ಒಟ್ಟು 4.6 ಎಂಬಿ. ಅದರಲ್ಲಿ 2.9 ಎಂಬಿ ಬರೀ ಸ್ಲೈಡರಿನ ಐದು ಫೋಟೋ: ಕಟ್ಟಡ, ಅಧ್ಯಕ್ಷರಿಗೆ ಹಾರ, ಮತ್ತೆ ಕಟ್ಟಡ, ದೀಪ ಹಚ್ಚೋದು, ಮತ್ತೆ ಅಧ್ಯಕ್ಷರು. ಕ್ಯಾಮೆರಾದಿಂದ ಬಂದದ್ದನ್ನು ಬಂದ ಹಾಗೇ ಏರಿಸಿದ್ದೆವು. ಜಾವಾಸ್ಕ್ರಿಪ್ಟು 900 ಕೆಬಿ. ಕನ್ನಡ ಫಾಂಟಿನ ನಾಲ್ಕು ತೂಕ ಸೇರಿ 600 ಕೆಬಿ. ಉಳಿದಿದ್ದು 200. ದಿಬ್ಬದ ಮೇಲೆ ಸೆಕೆಂಡಿಗೆ 400 ಕಿಲೋಬಿಟ್ ಸಿಕ್ಕರೆ ಪುಣ್ಯ. ಆ ವೇಗದಲ್ಲಿ ಇದಿಷ್ಟೂ ಇಳಿಯೋಕೆ ಒಂದೂವರೆ ನಿಮಿಷ, ಅದೂ ಸಿಗ್ನಲ್ ನಡುವೆ ಕೈಕೊಡದೇ ಇದ್ದರೆ.

ಈಗ ಹೇಳಿ, ಸಿಡಿಎನ್ ಇಲ್ಲಿ ಏನು ಮಾಡಬೇಕಿತ್ತು? ಫೈಲು ಚೆನ್ನೈಯಿಂದ ಬರಲಿ, ವರ್ಜೀನಿಯಾದಿಂದ ಬರಲಿ, ಇಕ್ಕಟ್ಟು ಇರೋದು ಟವರಿಗೂ ದಿಬ್ಬಕ್ಕೂ ನಡುವಿನ ಕೊನೇ ಮೂರು ಕಿಲೋಮೀಟರಿನಲ್ಲಿ. ಅಲ್ಲಿ ಯಾವ ಕಂಪನಿಯ ಬೂತೂ ಇಲ್ಲ. ಸಿಡಿಎನ್ ದೂರ ಕಡಿಮೆ ಮಾಡುತ್ತೆ, ಹೊರೆ ನಮ್ಮದು. ಇನ್ನು ಜಾವಾಸ್ಕ್ರಿಪ್ಟಿನ ಕಥೆ ಅದಕ್ಕಿಂತ ಕೆಟ್ಟದ್ದು. ಚಿತ್ರ ಇಳಿದರೆ ಬಹುಪಾಲು ಕೆಲಸ ಮುಗೀತು. ಜಾವಾಸ್ಕ್ರಿಪ್ಟು ಇಳಿದ ಮೇಲೆ ಫೋನು ಅದನ್ನು ಓದಬೇಕು, ಅರ್ಥ ಮಾಡಿಕೊಳ್ಳಬೇಕು, ಓಡಿಸಬೇಕು. ಅತ್ತಿಗೆಯ ಫೋನಿನ ಪ್ರೊಸೆಸರಿಗೆ ಸಿಡಿಎನ್ ಕೈ ಜೋಡಿಸೋಕೆ ಬರೋದಿಲ್ಲ.

"ಅಲ್ಲಾರೀ, ಎಲ್ಲರೂ ಬಳಸೋ ಲೈಬ್ರರಿಯನ್ನ ಸಾರ್ವಜನಿಕ ಸಿಡಿಎನ್‌ನಿಂದ ತಗೊಂಡರೆ ಆಯ್ತಲ್ಲ, ಬೇರೆ ಸೈಟಿಗೆ ಹೋದಾಗಲೇ ಅದು ಬ್ರೌಸರಿನಲ್ಲಿ ಇಳಿದಿರುತ್ತೆ" ಅಂತ ಇವತ್ತಿಗೂ ಹೇಳೋರಿದ್ದಾರೆ. ಆ ಕಾಲ ಹೋಯ್ತು ಸ್ವಾಮಿ. ಸಫಾರಿ 2013ರಲ್ಲೇ ಕ್ಯಾಶನ್ನು ಸೈಟು ಸೈಟಿಗೆ ಬೇರೆ ಮಾಡಿತು. ಕ್ರೋಮ್ 2020ರ ಅಕ್ಟೋಬರಿನಿಂದ, ಫೈರ್‌ಫಾಕ್ಸ್ 2021ರ ಜನವರಿಯಿಂದ ಅದೇ ದಾರಿ ಹಿಡಿದವು, ಜನರ ಓಡಾಟವನ್ನು ಕದ್ದು ನೋಡೋದನ್ನು ತಡೆಯೋಕೆ. ಈಗ ಒಂದು ಸೈಟಿನಲ್ಲಿ ಇಳಿದ ಜೆಕ್ವೆರಿ ಇನ್ನೊಂದು ಸೈಟಿಗೆ ಉಪಯೋಗಕ್ಕೆ ಬರೋದಿಲ್ಲ. ಉಳಿದದ್ದು ಇನ್ನೊಂದು ಸರ್ವರಿಗೆ ಸಂಪರ್ಕ ಮಾಡೋ ಹೆಚ್ಚಿನ ಸುತ್ತು, ಜತೆಗೆ ಅಪಾಯ. ಪಾಲಿಫಿಲ್ ಡಾಟ್ ಐಒ ನೆನಪಿದೆಯಾ? ಲಕ್ಷಕ್ಕೂ ಹೆಚ್ಚು ಸೈಟುಗಳು ನಂಬಿ ಅಲ್ಲಿಂದ ಸ್ಕ್ರಿಪ್ಟು ತರಿಸಿಕೊಳ್ತಿದ್ದವು. 2024ರಲ್ಲಿ ಆ ಡೊಮೈನು ಬೇರೆಯವರ ಕೈಗೆ ಹೋಯ್ತು. ಜೂನ್ ಹೊತ್ತಿಗೆ ಅದೇ ಸ್ಕ್ರಿಪ್ಟು ಮೊಬೈಲಿನಲ್ಲಿ ಬಂದವರನ್ನು ಬೆಟ್ಟಿಂಗ್ ಸೈಟುಗಳಿಗೆ ತಳ್ಳೋಕೆ ಶುರು ಮಾಡಿತ್ತು. ನಮ್ಮ ಅಂಗಡಿಯ ಬೀಗದ ಕೈಯನ್ನು ದಾರಿಹೋಕನ ಕೈಗೆ ಕೊಟ್ಟು ಮಲಗಿದ ಹಾಗೆ. ಬೇಕಾದ ಫೈಲನ್ನು ನಿಮ್ಮ ಡೊಮೈನಿನಲ್ಲೇ ಇಟ್ಟು, ನಿಮ್ಮ ಸಿಡಿಎನ್‌ನಿಂದಲೇ ಕೊಡಿ.

ಇನ್ನೊಂದು ತಮಾಷೆ ಕೇಳಿ. ಸಿಡಿಎನ್‌ಗೆ ದುಡ್ಡು ಕೊಡ್ತಿದ್ದೆವಲ್ಲ, ಅದನ್ನಾದರೂ ನೆಟ್ಟಗೆ ಬಳಸ್ತಿದ್ದೆವಾ? ಇಲ್ಲ. ಯಾವುದೋ ಕಾಲದಲ್ಲಿ ಯಾರೋ ಹೆದರಿ ಎಲ್ಲ ಫೈಲುಗಳ ಮೇಲೂ "ಇಟ್ಟುಕೊಳ್ಳಬೇಡ" ಅಂತ ಕ್ಯಾಶ್-ಕಂಟ್ರೋಲ್ ಹೆಡರ್ ಬರೆದಿದ್ದರು. ಬೂತಿಗೆ ಬಾಡಿಗೆ ಕಟ್ಟಿ, ಬಂದವರನ್ನೆಲ್ಲ "ಡೇರಿಗೇ ಹೋಗಿ" ಅಂತ ಕಳಿಸ್ತಿದ್ದೆವು. ಅಷ್ಟೇ ಅಲ್ಲ, ಆ ಹುಡುಗಿ ಪುಟವನ್ನು ಮೂರು ಸಲ ತೆರೆದಾಗ ಮೂರು ಸಲವೂ ಅಧ್ಯಕ್ಷರ ಹಾರ ಹೊಸದಾಗಿ ಇಳಿದಿತ್ತು.

ಪರಿಹಾರ ಮಹಾ ವಿದ್ಯೆಯೇನಲ್ಲ. ಸ್ಟೈಲು, ಸ್ಕ್ರಿಪ್ಟು, ಚಿತ್ರಗಳ ಹೆಸರಿನ ಬಾಲಕ್ಕೆ ಅವುಗಳ ಒಳಗಿನ ವಿಷಯದಿಂದಲೇ ಲೆಕ್ಕ ಹಾಕಿದ ಹ್ಯಾಶ್ ಸೇರಿಸಿ. ವಿಷಯ ಬದಲಾದರೆ ಹೆಸರೂ ಬದಲಾಗುತ್ತೆ. ಆಗ ಧೈರ್ಯವಾಗಿ "ಒಂದು ವರ್ಷ ಇಟ್ಟುಕೋ" ಅನ್ನಬಹುದು. 31536000 ಸೆಕೆಂಡು ಅಂತ ಬರೆಯೋದು. ಎಚ್‌ಟಿಎಂಎಲ್ ಪುಟಕ್ಕೆ ಮಾತ್ರ "ಕೊಡೋ ಮೊದಲು ಒಮ್ಮೆ ವಿಚಾರಿಸು" ಅನ್ನಿ, ಇಲ್ಲದಿದ್ದರೆ ಕೊನೇ ದಿನಾಂಕ ಮುಂದಕ್ಕೆ ಹೋದರೂ ಮಕ್ಕಳಿಗೆ ಹಳೇ ದಿನಾಂಕವೇ ಕಾಣುತ್ತೆ. ಲಾಗಿನ್ ಆದ ಮೇಲಿನ ಪುಟಗಳನ್ನು ಸಿಡಿಎನ್ ಮುಟ್ಟಲೇಕೂಡದು. 2015ರ ಕ್ರಿಸ್‌ಮಸ್ ದಿನ ಸ್ಟೀಮ್ ಅನ್ನೋ ಗೇಮುಗಳ ಅಂಗಡಿಯಲ್ಲಿ ಕ್ಯಾಶಿನ ಸೆಟ್ಟಿಂಗ್ ಎಡವಟ್ಟಾಗಿ ಒಬ್ಬರ ಖಾತೆಯ ಪುಟ ಇನ್ನೊಬ್ಬರಿಗೆ ಕಾಣಿಸಿತು. ಸುಮಾರು 34 ಸಾವಿರ ಜನರ ವಿವರ ಹೀಗೆ ಹೊರಬಿದ್ದಿರಬಹುದು ಅಂತ ವಾಲ್ವ್ ಕಂಪನಿ ತಾನೇ ಒಪ್ಪಿಕೊಂಡಿತು. ಹಾಲಿನ ಬೂತಿನಲ್ಲಿ ಬ್ಯಾಂಕಿನ ಪಾಸ್‌ಬುಕ್ ಹಂಚಿದರೆ ಇನ್ನೇನಾಗುತ್ತೆ?

ಕನ್ನಡದ ಸೈಟು ಮಾಡೋರಿಗೆ ಬೇರೆಯಾಗಿ ಎರಡು ಮಾತು ಹೇಳಲೇಬೇಕು. ಒಂದು, ಫಾಂಟು. "ಕನ್ನಡ ಕಾಣಬೇಕಲ್ಲ ಸಾರ್" ಅಂತ ನೂರಾರು ಕೆಬಿ ಇಳಿಸ್ತೀವಿ. ಇವತ್ತಿನ ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಫಾಂಟು ಇದ್ದೇ ಇದೆ. ವಿಂಡೋಸಿನಲ್ಲಿ ಮೊದಲು ತುಂಗಾ ಇತ್ತು, ಈಗ ನಿರ್ಮಲಾ ಇದೆ. ಅರ್ಜಿಯ ಪುಟಕ್ಕೆ ಅಷ್ಟು ಸಾಲದೇ? ಶೀರ್ಷಿಕೆಗೆ ಚೆಂದದ್ದೇ ಬೇಕು ಅಂದರೆ ಒಂದೇ ತೂಕ ತಗೊಳ್ಳಿ, ವೋಫ್2 ರೂಪಕ್ಕೆ ತನ್ನಿ, ಬೇಡದ ಲಿಪಿಗಳನ್ನು ಕತ್ತರಿಸಿ. ಕತ್ತರಿಸುವಾಗ ಹುಷಾರು. ಇಂಗ್ಲಿಷಿನ ಹಾಗೆ ಬರೀ ಅಕ್ಷರ ಎಣಿಸಿ ಕತ್ತರಿ ಆಡಿಸಿದರೆ ಒತ್ತಕ್ಷರ ಜೋಡಿಸೋ ನಿಯಮಗಳೂ ಹೋಗಿ "ಅಕ್ಕ" ಅನ್ನೋದು ಅರ್ಧಕ್ಕೆ ಮುರಿದು ನಿಲ್ಲುತ್ತೆ.

ಎರಡನೆಯದು ಇನ್ನೂ ದೊಡ್ಡ ಪಾಪ. ಕನ್ನಡದ ಪ್ರಕಟಣೆಯನ್ನು ಟೈಪ್ ಮಾಡಿ, ಪ್ರಿಂಟ್ ತೆಗೆದು, ಸಹಿ ಹಾಕಿಸಿ, ಫೋಟೋ ಹೊಡೆದು, ಆ ಫೋಟೋವನ್ನು ಸೈಟಿಗೆ ಏರಿಸೋದು! ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟು, ಇಂಗ್ಲಿಷಿಗೆ ಒಂದೇ, ಅಂತ ಕೊರಗ್ತೀವಿ. ಆದರೂ ಸಾವಿರ ಪದದ ಕನ್ನಡ ಬರಹ 25 ಕೆಬಿ ಆಸುಪಾಸು, ಜಿಜಿಪ್‌ನಲ್ಲೋ ಬ್ರೊಟ್ಲಿಯಲ್ಲೋ ಕುಗ್ಗಿಸಿದರೆ ಬೆರಳೆಣಿಕೆಯ ಕೆಬಿ. ಅದೇ ಬರಹದ ಫೋಟೋ 2 ಎಂಬಿ. ಹುಡುಕಿದರೆ ಸಿಗೋದಿಲ್ಲ, ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳೋದಿಲ್ಲ, ದಿಬ್ಬದ ಮೇಲೆ ಇಳಿಯೋದೂ ಇಲ್ಲ.

"ಈಗ ಡೇಟಾ ಅಗ್ಗ, 5ಜಿ ಬಂದಿದೆ, ಹಳೇ ಕಾಲದ ಮಾತು ಬಿಡಿ" ಅನ್ನೋರು ಇದ್ದೇ ಇರ್ತಾರೆ. 2016ರಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಗಿದ್ದು ನಿಜ. ಡೇಟಾ ಅಗ್ಗವಾದರೆ ಸಿಗ್ನಲ್ ಗಟ್ಟಿಯಾಗೋದಿಲ್ಲವಲ್ಲ. ಕೊರೋನಾ ಕಾಲದಲ್ಲಿ ಮಲೆನಾಡಿನ ಮಕ್ಕಳು ಆನ್‌ಲೈನ್ ಪಾಠಕ್ಕೆ ಗುಡ್ಡ ಹತ್ತಿ, ಕೊಡೆ ಹಿಡಿದು ಕೂತಿದ್ದನ್ನು ನಾವೇ ಅಲ್ಲವೇ ಫಾರ್ವರ್ಡ್ ಮಾಡಿ ಮರುಗಿದ್ದು? ಆ ಮಕ್ಕಳೇ ಈಗ ಕಾಲೇಜಿಗೆ ಅರ್ಜಿ ಹಾಕ್ತಿರೋದು.

"ಅಧ್ಯಕ್ಷರಿಗೆ ಸ್ಲೈಡರ್ ಬೇಕೇ ಬೇಕಂತೆ" ಅನ್ನೋದು ಇನ್ನೊಂದು ನೆಪ. ನಾನೂ ಅದನ್ನೇ ಹೇಳಿ ನುಣುಚಿಕೊಂಡವನೇ. ಈ ಸಲ ಹಾಗೆ ಮಾಡಲಿಲ್ಲ. ಆಂಡ್ರಾಯ್ಡ್ ಫೋನೊಂದನ್ನು ನಿಧಾನದ ಸಂಪರ್ಕಕ್ಕೆ ಹಾಕಿ ಅಧ್ಯಕ್ಷರ ಕೈಗೇ ಕೊಟ್ಟು, "ನಿಮ್ಮ ಮೊಮ್ಮಗಳ ಅರ್ಜಿ ಅಂದ್ಕೊಂಡು ತುಂಬಿಸಿ ಸಾರ್" ಅಂದೆ. ಒಂದು ನಿಮಿಷ ಸುಮ್ಮನೆ ನೋಡಿದರು. "ಫೋಟೋ ತೆಗೀರಿ" ಅಂದರು. ಅಷ್ಟೇ. ನಾವು ಕೇಳಿರಲೇ ಇಲ್ಲ, ಅವರು ಬೇಡ ಅಂದಿರಲಿಲ್ಲ.

ಒಂದು ವಾರದ ಕೆಲಸ. ಐದು ಫೋಟೋ ಹೋಗಿ ಒಂದು ಉಳೀತು, ಫೋನಿನ ಅಗಲಕ್ಕೆ ತಕ್ಕ ಅಳತೆಯಲ್ಲಿ, ವೆಬ್‌ಪಿ ರೂಪದಲ್ಲಿ. ತಾರೀಖು ಆರಿಸೋಕೆ ಅಂತ ತಂದಿದ್ದ ಲೈಬ್ರರಿ ಹೋಯ್ತು. ಬ್ರೌಸರಿಗೇ ಅದು ಬರುತ್ತೆ. ಫಾಂಟು ಸೊನ್ನೆ. ಅರ್ಧ ತುಂಬಿದ ಅರ್ಜಿ ಫೋನಿನಲ್ಲೇ ಉಳಿಯೋ ಹಾಗೆ ಮಾಡಿದೆವು. 4.6 ಎಂಬಿ ಇದ್ದದ್ದು 240 ಕೆಬಿಗೆ ಬಂತು. ಅದೇ ದಿಬ್ಬ, ಅದೇ ಎರಡು ಕಡ್ಡಿ ಸಿಗ್ನಲ್ಲಿಗೆ ಐದು ಸೆಕೆಂಡು. ಸಿಡಿಎನ್ ತೆಗೆದೆವಾ? ಇಲ್ಲ, ಇದೆ. ಬಿಲ್ಲು ಇಳಿದಿದೆ.

ಹಾಗಾಗಿ ನನ್ನ ಜಗಳ ಸಿಡಿಎನ್ ಜತೆ ಅಲ್ಲ, ಅದರ ಹಿಂದೆ ಅಡಗಿ ಕೂತಿರೋ ನಮ್ಮ ಸೋಮಾರಿತನದ ಜತೆ. ನಾವು ಉಳಿಸಿಕೊಂಡ ಒಂದು ವಾರದ ಕೆಲಸಕ್ಕೆ ಬೆಲೆ ಕಟ್ಟಿದ್ದು ನಾವಲ್ಲ, ಗಿರಾಕಿಯೂ ಅಲ್ಲ; ತೋಟದ ಕೆಲಸ ಬಿಟ್ಟು ಬಸ್ಸು ಹತ್ತಿದ ಹೆಂಗಸು.

ಮುಂದಿನ ಸಲ ಯಾರಾದರೂ ನಿಮಗೆ "ಸಿಡಿಎನ್ ಹಾಕಿದ್ದೀವಿ ಸಾರ್" ಅಂದರೆ ಗ್ರಾಫು ನೋಡಬೇಡಿ. "ಪುಟ ಎಷ್ಟು ತೂಗುತ್ತೆ?" ಅಂತ ಕೇಳಿ. ಉತ್ತರ ಬಾಯಲ್ಲಿ ಇಲ್ಲದಿದ್ದರೆ, ತೂಗಿಯೇ ಇಲ್ಲ ಅಂತ ಅರ್ಥ.