ಬಾಡಿಗೆಯ ಉಡುಪೂ ಕೈಹೊಲಿಗೆಯೂ

ತೋವಿನಕೆರೆಯಂಥ ಊರುಗಳಲ್ಲಿ ಶಾಲೆಯ ವಾರ್ಷಿಕೋತ್ಸವ ಬಂದಿತೆಂದರೆ ಲಂಬಾಣಿ ನೃತ್ಯಕ್ಕಾಗಿ ಬಾಡಿಗೆಯ ಉಡುಪನ್ನು ತರಿಸುವುದುಂಟು. ಅಂಟು ಹಚ್ಚಿ ಕೂರಿಸಿದ ಕನ್ನಡಿಗಳು ಕುಣಿತ ಮುಗಿಯುವ ಮೊದಲೇ ಉದುರುವುವು. ತಾಂಡಾದ ತಾಯಂದಿರು ಹೊಲಿಯುವ ಫೇಟಿಯಾ, ಕಾಂಚಳಿಗಳ ರೀತಿಯೇ ಬೇರೆ. ಬಣ್ಣದ ತುಂಡುಗಳನ್ನು ಪದರಪದರವಾಗಿಟ್ಟು, ಎಲ್ಲ ಪದರಗಳನ್ನೂ ಹಿಡಿಯುವಂತೆ ಸೂಜಿಯಾಡಿಸಿ, ಒಂದೊಂದು ಕನ್ನಡಿಯನ್ನೂ ದಾರದ ಅಂಚಿನಿಂದ ಬಿಗಿಯುವರು. ಇದಕ್ಕೆ ತಿಂಗಳುಗಳ ದುಡಿಮೆ ಬೇಕು. ಬಳ್ಳಾರಿ ಸೀಮೆಯ ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. 2023ರಲ್ಲಿ ಹಂಪಿಯಲ್ಲಿ ನಡೆದ 1,755 ಲಂಬಾಣಿ ವಸ್ತುಗಳ ಪ್ರದರ್ಶನವು ವಿಶ್ವದಾಖಲೆಯಾಯಿತು. ಆದರೆ ಹೊಗಳಿಕೆಯಿಂದ ಹೊಟ್ಟೆ ತುಂಬದು. ಕೂಲಿ ಗಿಟ್ಟದ ಕೆಲಸವನ್ನು ಮಗಳು ಕಲಿಯಳು. ಆದುದರಿಂದ ಶಾಲೆಗಳು ಬಾಡಿಗೆಯ ಹಣವನ್ನು ಕೂಡಿಟ್ಟು ವರ್ಷಕ್ಕೊಂದಾದರೂ ಕೈಹೊಲಿಗೆಯ ಉಡುಪನ್ನು ತಕ್ಕ ಬೆಲೆಗೆ ಕೊಳ್ಳಲಿ, ಹೊಲಿದವಳನ್ನೇ ಗುರುವಾಗಿ ಹೊಲಿಗೆಯ ತರಗತಿಗೆ ಕರೆಯಲಿ ಎಂಬುದೇ ನಮ್ಮ ಅಭಿಪ್ರಾಯ.