ಬಲಿ ಹೆಣೆದಾಂವನ್ನ ಬಿಟ್ಟು ಮೀನಕ್ಕ ಯಾಕ ಬೈತೀರಿ?

"ಚಟಾ ಇದ್ದಾಂವ ಎಲ್ಲಿದ್ರೂ ಆಡ್ತಾನ" ಅನ್ನೂ ಮಾತು ನಮ್ಮ ಉಗರಗೋಳದ ಕಟ್ಟಿ ಮ್ಯಾಲ ಭಾಳ ಅಗ್ಗ ಆಗೇತಿ. ಅದರ ಬೆನ್ನಿಗೇ ಇನ್ನೊಂದು ಬರತೈತಿ: "ಹೆಂಡ್ತಿ ಸ್ವಲ್ಪ ಬಿಗಿ ಹಿಡಿದಿದ್ರ ಹಿಂಗ ಆಗ್ತಿದ್ದಿಲ್ಲ." ಅಕ್ಕಾರ, ವೈನ್ಯಾರ, ಈ ಎರಡೂ ಮಾತಿಗೆ ನನ್ನ ತಕರಾರ ಐತಿ. ಬಲಿಯೊಳಗ ಸಿಕ್ಕ ಮೀನಕ್ಕ ಬೈತೀವಿ, ಮೀನದ ಹೆಂಡ್ತಿಗೂ ಬೈತೀವಿ. ಬಲಿ ಹೆಣೆದಾಂವನ ಹೆಸರು ಮಾತ್ರ ಯಾರೂ ಎತ್ತೂದಿಲ್ಲ.

ಮಹಾಭಾರತದ ಸಭಾಪರ್ವ ನೆನಸ್ಕೋರಿ. ಧರ್ಮರಾಯನ್ನ ಜೂಜಿಗೆ ಕರಸೂಕಿಂತ ಮದಲ ಧೃತರಾಷ್ಟ್ರ ಏನ್ ಮಾಡಿದಾ? ಸಾವಿರ ಕಂಬದ್ದು, ನೂರು ಬಾಗಿಲದ್ದು, ಕಣ್ಣು ಕುಕ್ಕೂವಂಥಾ ಒಂದು ಸಭಾ ಕಟ್ಟಿಸಿದಾ. ಆಮ್ಯಾಲೆ ವಿದುರನ್ನ ಕಳಿಸಿ, ಹೊಸಾ ಸಭಾ ನೋಡಾಕ ಬಾ ಅಂತ ಕರಿಸಿದಾ. ಶಕುನಿ ದಾಳ ಉರುಳಿದ್ದು ಆಮ್ಯಾಲೆ. ಜಾಗಾ ಮದಲ, ಜೂಜು ಆಮ್ಯಾಲೆ. ಆ ಲೆಕ್ಕ ಇವತ್ತಿಗೂ ಬದಲಾಗಿಲ್ಲ.

ಜಾತ್ರಿಯೊಳಗ ಬಳಿ ಒಗಿಯೂ ಆಟ ನೋಡೀರಿ. ಸಾಮಾನು ಒತ್ತೊತ್ತಿ ಇಟ್ಟಿರತಾರ, ಬಳಿ ಇನ್ನೇನು ಕುಂತೇ ಬಿಡ್ತು ಅನ್ನಸೂವಂಗ ಇರತೈತಿ. ಆ "ಇನ್ನೇನು" ಅನ್ನೂದರ ಮ್ಯಾಲೇ ಅಂಗಡಿ ನಿಂತಿರೂದು. ಆದ್ರ ಜಾತ್ರಿ ಮುಗದ್ರ ಅದೂ ಗಂಟು ಕಟ್ಟತಿತ್ತು. ಪಂಚಮಿಗೆ ನಿಂಬಿಹಣ್ಣ ಒಗಿಯೂ ಪಂತಾನೂ ಹಬ್ಬದ ಕೂಡ ಮುಗೀತಿತ್ತು. ಇಸ್ಪೀಟ ಆಡೂದಂದ್ರ ಊರ ಹೊರಗ ನಡದು ಹೋಗಬೇಕು, ನಾಕು ಮಂದಿ ಕೂಡಬೇಕು, ಕಿಸೆದಾಗ ರೊಕ್ಕ ಇರಬೇಕು, ಪೊಲೀಸರ ಅಂಜಿಕಿ ಬ್ಯಾರೆ. ಈ ತ್ರಾಸೇ ಎಷ್ಟೋ ಮನಿ ಉಳಸೇತಿ.

ಕ್ಯಾಸಿನೊ ಕಟ್ಟಾವ್ರು ಈ ತ್ರಾಸು ತಗದು ಹಾಕೂದನ್ನ ಒಂದು ವಿದ್ಯಾ ಮಾಡಿದ್ರು. ಗಡಿಯಾರ ಬ್ಯಾಡ, ಕಿಟಕಿ ಬ್ಯಾಡ, ಹೊತ್ತು ಮುಳಗಿದ್ದು ತಿಳೀಬಾರದು. ನೋಟಿನ ಬದಲಿ ಬಣ್ಣದ ಬಿಲ್ಲೆ, ಕಳಕೊಂಡದ್ದು ರೊಕ್ಕಾ ಅಂತ ಅನ್ನಸಬಾರದು. ಲಾಸ್ ವೇಗಾಸ್‌ನ ಜೂಜಿನ ಯಂತ್ರಗಳ ಬಗ್ಗೆ ವರ್ಷಾನುಗಟ್ಟಲೆ ಅಭ್ಯಾಸ ಮಾಡಿದ ನತಾಶಾ ಶುಲ್ ಅನ್ನಾಕಿ 2012ರಾಗ ಒಂದು ಪುಸ್ತಕಾನೇ ಬರದಾಳ. ಕುರ್ಚಿಯಿಂದ ಹಿಡಿದು ಯಂತ್ರದ ಸಪ್ಪಳದ ತನಕ ಎಲ್ಲಾನೂ ಮನಶಾನ್ನ ಏಳದಂಗ ಕುಂಡ್ರಸಾಕೇ ಮಾಡಿದ್ದು ಅನ್ನೂದು ಆಕಿ ತೋರಿಸಿದ ಮಾತು. ನಮ್ಮ ಬಗಲಿನ ಗೋವಾದ ಪಣಜಿಯೊಳಗ ಮಾಂಡವಿ ಹೊಳಿ ಮ್ಯಾಲ ಕ್ಯಾಸಿನೊ ಹಡಗ ನಿಂತಾವ. 2020ರ ಫೆಬ್ರುವರಿಯಿಂದ ಗೋವಾ ಸರ್ಕಾರ ತನ್ನ ಮಂದಿಗೇ ಒಳಗ ಬರಬ್ಯಾಡ್ರಿ ಅಂತು. ಹೊರಗಿನಾವ್ರು ಬರಬಹುದು! ಅಡಗಿ ಮಾಡಿದಾಕಿ ತನ್ನ ಮಕ್ಕಳಿಗೆ ಬಡಸಾಕ ಒಲ್ಲೆ ಅಂದ್ರ, ಆ ಅಡಗಿಯೊಳಗ ಏನೈತಿ ಅಂತ ಕೇಳಬೇಕಿಲ್ಲೇನ್ರಿ?

ಈಗ ಆ ಹಡಗ ಗಂಡಸರ ಅಂಗಿ ಕಿಸೆದಾಗ ಕುಂತೈತಿ. ಮದಲ "ಬೋನಸ್" ಅಂತ ಪುಗಸಟ್ಟೆ ರೊಕ್ಕ ತೋರಸ್ತಾರ. ರೊಕ್ಕ ಹಾಕಾಕ ಒಂದು ಬಟ್ಟ ಸಾಕು, ತಿರುಗಿ ತಗೊಳ್ಳಾಕ ನೂರೆಂಟು ಷರತ್ತು. ಆಟ ಬಿಟ್ಟು ತಾಸಾಗೂದ್ರಾಗ ಮೆಸೇಜ್ ಬರತೈತಿ. ರಾತ್ರಿ ಎರಡಕ್ಕೂ ಬಾಗಿಲ ತಗದs ಇರತೈತಿ. ಹೊರಗ ಹೋಗೂ ದಾರಿ ಅಡಗಿಸಿ ಇಟ್ಟ ಮನಿ ಅದು. ಅಂಥಾದ್ರಾಗ ಹೊಕ್ಕಾಂವಗ "ಮನಸ್ಸು ಗಟ್ಟಿ ಇರಬೇಕು" ಅಂದ್ರ ಸಾಲೂದಿಲ್ಲ. ಹಂಗಂತ ಆಡಿದಾಂವನ ತಪ್ಪೇ ಇಲ್ಲ ಅಂತ ನಾ ಅನ್ನೂದಿಲ್ಲ. ಆದ್ರ ಒಬ್ಬಾಂವ ಕೆಟ್ರ ಚಟಾ ಅನ್ನಬಹುದು, ಓಣಿಗೊಬ್ಬಾಂವ ಕೆಟ್ರ ಅದು ಕಟ್ಟಿದಾಂವನ ಕೆಲಸ.

ಕಾಯ್ದೆ ಏನು ಮಾಡೇತಿ? ಲಾಟರಿ ನಮ್ಮ ರಾಜ್ಯದಾಗ 2007ರಾಗೇ ಬಂದಾತು. ಆನ್‌ಲೈನ್ ಜೂಜಿಗೆ 2021ರಾಗ ರಾಜ್ಯ ಸರ್ಕಾರ ಕಾಯ್ದೆ ತಂತು. 2022ರ ಫೆಬ್ರುವರಿ 14ಕ್ಕ ಹೈಕೋರ್ಟ್ ಆ ಕಾಯ್ದೆಯ ಮುಖ್ಯ ಕಲಮುಗಳನ್ನ ರದ್ದು ಮಾಡ್ತು. ಕಡೀಕ 2025ರ ಆಗಸ್ಟ್‌ನಾಗ ಸಂಸತ್ತು ರೊಕ್ಕದ ಆನ್‌ಲೈನ್ ಆಟ ನಡಸಾವ್ರಿಗೆ ಮೂರು ವರ್ಷದ ತನಕ ಜೈಲು, ಒಂದು ಕೋಟಿ ತನಕ ದಂಡ ಅಂತ ಕಾಯ್ದೆ ಮಾಡ್ತು. ಆಡಿದಾಂವಗ ಶಿಕ್ಷಾ ಇಲ್ಲ. ನೋಡ್ರಿ, ಕಾಯ್ದೆ ಸುದ್ದಾ ಬಲಿ ಹೆಣೆದಾಂವನ ಕಡೆ ಬಟ್ಟ ಮಾಡೇತಿ. ನಮ್ಮ ಕಟ್ಟಿ ಮಂದಿಗೆ ಇನ್ನೂ ತಿಳದಿಲ್ಲ!

ಆದ್ರ ದಿಲ್ಲಿ ಕಾಯ್ದೆ ನಮ್ಮ ಹೊಸ್ತಿಲ ಕಾಯೂದಿಲ್ಲ. ಒಂದು ಆ್ಯಪ್ ಹೋದ್ರ ಇನ್ನೊಂದರ ಲಿಂಕ್ ವಾಟ್ಸಾಪಿಗೆ ಬರತೈತಿ. ಅವ್ರು ತ್ರಾಸು ತಗದಾರ, ನಾವು ತ್ರಾಸು ತಿರುಗಿ ಹಾಕೋಣ. ಗೃಹಲಕ್ಷ್ಮಿ 2,000 ರೂಪಾಯಿ ಬರೂ ಖಾತೆಗೆ ನಿಮ್ಮದೇ ನಂಬರ್ ಇರಲಿ, ಗಂಡನ್ದಿದ್ರ ಬ್ಯಾಂಕಿಗೆ ಹೋಗಿ ಬದಲಿ ಮಾಡಸ್ರಿ. ಪಿನ್ ಯಾರಿಗೂ ಹೇಳಬ್ಯಾಡ್ರಿ. ಆಟದ ಸಾಲಾ ತೀರಸಾಕ ಸಂಘದಾಗ ಸಾಲಾ ಎತ್ತಬ್ಯಾಡ್ರಿ. ರಾತ್ರಿ ಫೋನು ಅಡಗಿಮನ್ಯಾಗ ಚಾರ್ಜಿಗೆ ಇರಲಿ. ಕೈ ಮೀರೇತಿ ಅನ್ನಿಸಿದ್ರ 14416ಕ್ಕ ಫೋನ್ ಹಚ್ರಿ. ಅದು ಸರ್ಕಾರದ ಟೆಲಿ ಮಾನಸ್, ಮನಸ್ಸಿನ ತೊಂದ್ರಿಗೆ ಪುಗಸಟ್ಟೆ ಸಲಹಾ ಕೊಡ್ತಾರ.

ಮತ್ತ ಕಟ್ಟಿ ಮ್ಯಾಲ ಯಾರರ "ಆಕಿ ಬಿಗಿ ಹಿಡೀಲಿಲ್ಲ" ಅಂದ್ರ ಸುಮ್ನ ಎದ್ದು ಬರಬ್ಯಾಡ್ರಿ. ಸಾವಿರ ಕಂಬದ ಸಭಾ ಕಟ್ಟಿದಾಂವ ಯಾಂವ ಅಂತ ಅಲ್ಲೇ ಕೇಳ್ರಿ. ದ್ರೌಪದಿನೂ ತುಂಬಿದ ಸಭಾದಾಗ ಕೇಳಿದಾಕಿನೇ.